ಬೆಂಕಿಯಲ್ಲಿ ಹುಟ್ಟುವ ಹುಳಿನೀರು

ಬೆಂಕಿಗೂ ನೀರಿಗೂ ಹುಟ್ಟುಹಗೆ ಎಂಬುದು ಲೋಕರೂಢಿಯ ಮಾತು. ಆದರೆ ನಮ್ಮ ಅಡಿಗೆಮನೆಗಳಲ್ಲಿ ದಿನವೂ ಬೆಂಕಿಯ ಒಡಲಿನಿಂದಲೇ ನೀರು ಹುಟ್ಟುತ್ತಿದೆ. ಇದನ್ನು ಕಾಣಲು ಪ್ರಯೋಗಶಾಲೆಗೆ ಹೋಗಬೇಕಾಗಿಲ್ಲ. ಬೆಳಿಗ್ಗೆ ತಾಯಿಯವರು ಗ್ಯಾಸಿನ ಒಲೆಯನ್ನು ಹೊತ್ತಿಸಿ, ತಣ್ಣೀರು ತುಂಬಿದ ಸ್ಟೀಲಿನ ಪಾತ್ರೆಯನ್ನು ಅದರ ಮೇಲಿರಿಸಿದಾಗ, ಪಾತ್ರೆಯ ಹೊರಮೈಯನ್ನು ತುಸು ದೂರದಲ್ಲಿ ನಿಂತು ನೋಡಿರಿ. ಮೊದಲ ಅರ್ಧ ನಿಮಿಷದಲ್ಲಿ ಅದರ ಹೊಳಪು ಮಾಯವಾಗಿ, ಮಂಜು ಕವಿದಂತೆ ಮಬ್ಬಾಗುತ್ತದೆ. ಕೆಲವು ವೇಳೆ ಆ ಮಂಜು ಹನಿಗೂಡಿ ತಳದಿಂದ ತೊಟ್ಟಿಕ್ಕುವುದೂ ಉಂಟು. ಪಾತ್ರೆ ತೂತಾಗಿದೆಯೋ ಏನೋ ಎಂದು ಕೆಳಗಿಳಿಸಿ ಒರಸಿ ನೋಡುವವರಿದ್ದಾರೆ. ಪಾತ್ರೆ ತೂತಾಗಿರುವುದಿಲ್ಲ. ಆ ನೀರು ಪಾತ್ರೆಯ ಒಳಗಿನಿಂದ ಬಂದುದಲ್ಲ, ಉರಿಯಿಂದ ಬಂದುದು. ಪಾತ್ರೆ ಕಾದೊಡನೆ ಅದು ಪುನಃ ಆವಿಯಾಗಿ ಹೋಗಿಬಿಡುವುದರಿಂದ ಯಾರೂ ಅದರ ಕಡೆಗೆ ಲಕ್ಷ್ಯ ಕೊಡುವುದಿಲ್ಲ.

ಗ್ಯಾಸು ಎಂದು ನಾವು ಕರೆಯುವ ಇಂಧನದಲ್ಲಿ ಮುಖ್ಯವಾಗಿ ಇರುವುದು ಎರಡೇ ಮೂಲವಸ್ತುಗಳು: ಇಂಗಾಲ ಮತ್ತು ಜಲಜನಕ. ಜಲಜನಕದ ಹೆಸರಿನಲ್ಲಿಯೇ ಅದರ ಗುಣ ಅಡಗಿದೆ. ಜಲವನ್ನು ಹುಟ್ಟಿಸುವಂಥದು ಎಂದು ಅದರ ಅರ್ಥ. ಉರಿಯುವುದೆಂದರೆ ಗಾಳಿಯಲ್ಲಿರುವ ಆಮ್ಲಜನಕದೊಡನೆ ಕೂಡುವುದಷ್ಟೆ. ಇಂಗಾಲವು ಕೂಡಿದಾಗ ಇಂಗಾಲಾಮ್ಲ ವಾಯು, ಎಂದರೆ ನಿಮ್ಮ ಪಾಠಪುಸ್ತಕದ ಕಾರ್ಬನ್ ಡೈ ಆಕ್ಸೈಡ್, ಆಗುತ್ತದೆ. ಜಲಜನಕವು ಕೂಡಿದಾಗ ನೀರಾಗುತ್ತದೆ. ಕೊಳವೆಯ ಮೂಲಕ ಮನೆಗೆ ಬರುವ ನೈಸರ್ಗಿಕ ಅನಿಲದ ಬಹುಭಾಗ ಮಿಥೇನ್. ೧೬ ಗ್ರಾಂ ಮಿಥೇನ್ ಪೂರ್ತಿಯಾಗಿ ಉರಿಯಲು ೬೪ ಗ್ರಾಂ ಆಮ್ಲಜನಕ ಬೇಕು. ಉರಿದ ಮೇಲೆ ದೊರೆಯುವುದು ೪೪ ಗ್ರಾಂ ಇಂಗಾಲಾಮ್ಲ ವಾಯು ಮತ್ತು ೩೬ ಗ್ರಾಂ ನೀರು. ಕೂಡಿಸಿ ನೋಡಿರಿ, ಎರಡು ಕಡೆಯೂ ೮೦ ಆಗುತ್ತದೆ. ಸಿಲಿಂಡರಿನಲ್ಲಿ ಬರುವ ಅನಿಲದ ಲೆಕ್ಕವೂ ಹೀಗೆಯೇ. ಮನೆಗೆ ಬರುವ ಒಂದು ಸಿಲಿಂಡರಿನಲ್ಲಿ ೧೪.೨ ಕಿಲೋಗ್ರಾಂ ಅನಿಲವಿರುತ್ತದೆ. ಅದು ಉರಿದು ಮುಗಿಯುವಷ್ಟರಲ್ಲಿ ೨೨ ಲೀಟರಿಗೆ ಕಡಮೆಯಿಲ್ಲದಷ್ಟು ನೀರು ಹುಟ್ಟಿ, ಆವಿಯಾಗಿ ಕಿಟಕಿಯಿಂದ ಹೊರಗೆ ಹೋಗಿರುತ್ತದೆ. ಇಂಧನದ ತೂಕಕ್ಕಿಂತ ನೀರಿನ ತೂಕ ಹೆಚ್ಚೇಕೆ ಎಂದು ಕೆಲವರು ಕೇಳಬಹುದು. ಹೆಚ್ಚಿನ ತೂಕವೆಲ್ಲ ಗಾಳಿಯಿಂದ ಬಂದ ಆಮ್ಲಜನಕದ್ದು.

ಈ ನೀರು ಮಳೆಯ ನೀರಿನಂತೆ ಸಪ್ಪೆಯಾಗಿದ್ದಿದ್ದರೆ ಇಷ್ಟು ಬರೆಯುವ ಕಾರಣವಿರಲಿಲ್ಲ. ಅದು ಹುಳಿಯಾಗಿರುತ್ತದೆ. ಅದಕ್ಕೆ ಕಾರಣಗಳು ಹಲವು. ಉರಿಯಲ್ಲಿ ನೀರಿನ ಜೊತೆಗೆಯೇ ಹುಟ್ಟಿದ ಇಂಗಾಲಾಮ್ಲ ವಾಯುವು ಆ ನೀರಿನಲ್ಲಿ ಕರಗಿ ಒಂದು ಸೌಮ್ಯವಾದ ಆಮ್ಲವಾಗುತ್ತದೆ. ಸೋಡಾ ಬಾಟಲಿಯಲ್ಲಿರುವುದೂ ಇದೇ. ಎರಡನೆಯದು ಸ್ವಲ್ಪ ತೀಕ್ಷ್ಣವಾದುದು. ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಇರುವ ಸಾರಜನಕವು ಸಾಮಾನ್ಯವಾಗಿ ಯಾರೊಡನೆಯೂ ಸೇರದ ಜಡಸ್ವಭಾವದ ವಾಯು. ಆದರೆ ಉರಿಯ ತೀವ್ರ ಕಾವಿನಲ್ಲಿ ಅದರ ಅತ್ಯಲ್ಪ ಅಂಶವು ಆಮ್ಲಜನಕದೊಡನೆ ಕೂಡಿ, ಮುಂದೆ ನೀರಿನಲ್ಲಿ ಕರಗಿ ನೈಟ್ರಿಕ್ ಆಮ್ಲವಾಗುತ್ತದೆ. ಇನ್ನು, ಅನಿಲ ಸೋರಿದರೆ ಮೂಗಿಗೆ ತಿಳಿಯಲೆಂದು ಬೆರಸಿರುವ ದುರ್ಗಂಧದ ವಸ್ತುವಿನಲ್ಲಿ ಲೇಶಮಾತ್ರ ಗಂಧಕವಿರುವುದರಿಂದ ಗಂಧಕದ ಆಮ್ಲವೂ ಲೇಶಮಾತ್ರ ಸೇರುತ್ತದೆ.

ಹುಳಿಯ ಬಲವನ್ನು ಅಳೆಯಲು ಪಿಎಚ್ ಎಂಬ ಅಳತೆಯುಂಟು. ಏಳು ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಅಲ್ಲಿಂದ ಒಂದೊಂದು ಅಂಕೆ ಕೆಳಗಿಳಿದಂತೆ ಹುಳಿಯ ಬಲ ಹತ್ತು ಹತ್ತು ಪಟ್ಟು ಏರುತ್ತದೆ. ನಿಂಬೆಯ ರಸ ಎರಡು, ಎರಡೂವರೆಯ ಸುಮಾರಿನಲ್ಲಿಯೂ, ಟೊಮೇಟೊ ಹಾಗೂ ಮೊಸರು ನಾಲ್ಕರ ಆಚೆ ಈಚೆಯೂ ಇರುತ್ತವೆ. ಅನಿಲದ ಉರಿಯಿಂದ ಇಳಿದ ನೀರು ಸಾಮಾನ್ಯವಾಗಿ ಮೂರರಿಂದ ಐದರ ನಡುವೆ ಬರುತ್ತದೆ. ಹಾಗಾದರೆ ನಾವು ದಿನವೂ ಉಣ್ಣುವ ಮೊಸರಿನಷ್ಟೇ ಹುಳಿಯಾದ ನೀರಿಗೆ ಅಂಜುವುದೇಕೆ? ಪ್ರಶ್ನೆ ಸರಿಯಾದುದೇ. ಕೈ ಮೇಲೆ ಒಂದು ಹನಿ ಬಿದ್ದರೆ ಏನೂ ಆಗುವುದಿಲ್ಲ. ಆದರೆ ಒಂದೇ ಕೊಳವೆಯಲ್ಲಿ, ಒಂದೇ ಜಾಗದಲ್ಲಿ, ಹಗಲಿರುಳು ತಿಂಗಳುಗಟ್ಟಲೆ ಹರಿದಾಗ ಅದು ತಾಮ್ರವನ್ನು ಹಸಿರು ಮಾಡಿ ತಿನ್ನುತ್ತದೆ, ಬೀಡುಕಬ್ಬಿಣದ ಕೊಳವೆಯನ್ನು ತುಕ್ಕು ಹಿಡಿಸಿ ಸೋರಿಸುತ್ತದೆ, ಸಿಮೆಂಟಿನ ಮೋರಿಯನ್ನು ಕೊರೆಯುತ್ತದೆ. ಹುಣಿಸೆಹಣ್ಣು ಉಜ್ಜಿದರೆ ತಾಮ್ರದ ಹಂಡೆ ಹೊಳೆಯುವುದು ನಿಮಗೆ ಗೊತ್ತು. ಹುಳಿಯು ಹಂಡೆಯ ಕಿಲುಬನ್ನು ಕರಗಿಸಿದ್ದರಿಂದಲೇ ಆ ಹೊಳಪು. ಹುಣಿಸೆಯನ್ನು ಹಂಡೆಗೆ ಹಚ್ಚಿ ವರ್ಷವಿಡೀ ಬಿಟ್ಟರೆ ಏನಾದೀತು ಎಂಬುದನ್ನು ಊಹಿಸಿಕೊಳ್ಳಿರಿ.

ಊರಿನ ಮನೆಗಳಲ್ಲಿ ಹುಣಿಸೆಯ ಪಕ್ಕದಲ್ಲಿಯೇ ಬೂದಿಯೂ ಇರುತ್ತಿತ್ತು. ಬಚ್ಚಲ ಒಲೆಯ ಕಟ್ಟಿಗೆ ಉರಿದು ಉಳಿದ ಬೂದಿ ಕ್ಷಾರ, ಹುಳಿಗೆ ಎದುರಾಳಿ. ಒಂದರಿಂದ ಕಿಲುಬನ್ನೂ ಮತ್ತೊಂದರಿಂದ ಜಿಡ್ಡನ್ನೂ ತೆಗೆದ ನಮ್ಮ ಅಜ್ಜಿಯಂದಿರಿಗೆ ಆಮ್ಲ, ಪ್ರತ್ಯಾಮ್ಲಗಳೆಂಬ ಹೆಸರುಗಳು ಗೊತ್ತಿರಲಿಲ್ಲ. ಕೆಲಸ ಗೊತ್ತಿತ್ತು.

ಈ ಹುಳಿನೀರು ನಿಜವಾದ ಮನೆವಾರ್ತೆಯ ಸಮಸ್ಯೆಯಾಗಿರುವುದು ಚಳಿಯ ದೇಶಗಳಲ್ಲಿ. ಮುಂಬಯಿಯ ಮಕ್ಕಳಿಗೆ ಬಾಯ್ಲರು ಎಂದರೆ ಉಡುಪಿ ಹೋಟೆಲಿನಲ್ಲಿ ಚಹಕ್ಕೆ ನೀರು ಕುದಿಸುವ ಪಾತ್ರೆ ನೆನಪಾಗುತ್ತದೆ. ಇಲ್ಲವೆ ಹಿರಿಯರ ಬಾಯಲ್ಲಿ ಕೇಳಿದ ಪರೇಲಿನ ಬಟ್ಟೆಗಿರಣಿಗಳ ಉಗಿಯ ಬಾಯ್ಲರು. ಇಂಗ್ಲೆಂಡು, ಹಾಲೆಂಡುಗಳಲ್ಲಿ ಮನೆಮನೆಗೂ ಒಂದು ಸಣ್ಣ ಬಾಯ್ಲರಿದೆ. ಅದು ಅನಿಲದ ಉರಿಯಿಂದ ನೀರನ್ನು ಕಾಯಿಸಿ, ಕೋಣೆಗಳ ಗೋಡೆಗೆ ಹೊಂದಿಸಿದ ಲೋಹದ ಫಲಕಗಳೊಳಗೆ ಹರಿಸಿ, ಮನೆಯನ್ನು ಬೆಚ್ಚಗಿಡುತ್ತದೆ. ಹಿಂದಿನ ಬಾಯ್ಲರುಗಳಲ್ಲಿ ಉರಿದ ಅನಿಲ ಬಹಳ ಬಿಸಿಯಾಗಿರುವಾಗಲೇ ಹೊಗೆಕೊಳವೆಯಿಂದ ಹೊರಗೆ ಹೋಗುತ್ತಿತ್ತು. ಅದರೊಡನೆ ನೀರಾವಿಯೂ ಹೋಗುತ್ತಿತ್ತು, ಆವಿಯಲ್ಲಿ ಅಡಗಿದ್ದ ಶಾಖವೂ ಹೋಗುತ್ತಿತ್ತು. ಒಂದು ಕಿಲೋಗ್ರಾಂ ನೀರಾವಿಯು ೧೦೦ ಡಿಗ್ರಿಯಲ್ಲಿ ನೀರಾಗುವಾಗ ೨೨೫೭ ಕಿಲೋಜೌಲ್ ಶಾಖವನ್ನು ಬಿಟ್ಟುಕೊಡುತ್ತದೆ. ಗುಪ್ತೋಷ್ಣವೆಂದು ನೀವು ಓದಿರುವುದು ಇದನ್ನೇ. ಇಷ್ಟು ಶಾಖವನ್ನು ಆಕಾಶಕ್ಕೆ ಬಿಡುವುದು ದುಂದೆಂದು ಬಗೆದು, ಯಂತ್ರಶಾಸ್ತ್ರಜ್ಞರು ಉರಿದ ಅನಿಲವನ್ನು ಹೊರಬಿಡುವ ಮೊದಲು ಸುಮಾರು ೫೫ ಡಿಗ್ರಿಗಿಂತ ಕೆಳಕ್ಕೆ ತಣಿಸುವ ಬಾಯ್ಲರನ್ನು ರಚಿಸಿದರು. ಆಗ ಆವಿ ನೀರಾಗಿ ಇಳಿಯುತ್ತದೆ. ಅದರ ಶಾಖ ಮನೆಗೆ ಉಳಿಯುತ್ತದೆ. ಹತ್ತರಲ್ಲಿ ಒಂದು ಪಾಲಿನಷ್ಟು ಇಂಧನ ಹೀಗೆ ಮಿಗುತ್ತದೆ. ೧೯೮೦ರ ಸುಮಾರಿಗೆ ಹಾಲೆಂಡಿನಲ್ಲಿ ಬಳಕೆಗೆ ಬಂದ ಈ ಬಗೆಯನ್ನು ಇಂಗ್ಲೆಂಡಿನಲ್ಲಿ ೨೦೦೫ರ ಏಪ್ರಿಲಿನಿಂದ ಹೊಸದಾಗಿ ಹೂಡುವ ಅನಿಲದ ಬಾಯ್ಲರುಗಳಿಗೆಲ್ಲ, ಕೆಲವು ಅಪವಾದಗಳೊಡನೆ, ಕಡ್ಡಾಯ ಮಾಡಿದರು.

ಶಾಖ ಮಿಕ್ಕಿತು, ಆದರೆ ಹುಳಿನೀರು ಮನೆಯೊಳಗೆ ಉಳಿಯಿತು. ಚಳಿಗಾಲದಲ್ಲಿ ಗಂಟೆಗೆ ಒಂದೆರಡು ಲೀಟರಿನಷ್ಟು ಇಳಿಯುವ ಈ ನೀರನ್ನು ಏನು ಮಾಡುವುದು? ಸ್ನಾನದ ನೀರು, ಬಟ್ಟೆಯ ಸಾಬೂನಿನ ನೀರುಗಳ ಜೊತೆಗೆ ಪ್ಲಾಸ್ಟಿಕ್ಕಿನ ಕೊಳವೆಯಲ್ಲಿ ಹರಿದುಹೋಗುವಂತಿದ್ದರೆ ಅಷ್ಟು ತೊಂದರೆಯಿಲ್ಲ; ಸಾಬೂನು ಕ್ಷಾರವಾದುದರಿಂದ ಹುಳಿ ದಾರಿಯಲ್ಲಿಯೇ ಮುರಿಯುತ್ತದೆ. ಆದರೆ ಹಳೆಯ ಕಬ್ಬಿಣದ ಕೊಳವೆಗೋ, ಸಿಮೆಂಟಿನ ಮೋರಿಗೋ, ಮನೆಯ ಹಿಂದಿನ ಇಂಗುಗುಂಡಿಗೋ ಒಂದೇ ಸವನೆ ಬೀಳುವಂತಿದ್ದರೆ ಮೊದಲು ಅದರ ಹುಳಿಯನ್ನು ಮುರಿಯಬೇಕು. ಅದಕ್ಕಾಗಿ ಬಳಸುವ ಉಪಕರಣ ಬಹಳ ಸರಳವಾದುದು. ಅದೊಂದು ಪ್ಲಾಸ್ಟಿಕ್ಕಿನ ಪೆಟ್ಟಿಗೆ. ಅದರ ತುಂಬ ಅಮೃತಶಿಲೆಯ ಅಥವಾ ಸುಣ್ಣಕಲ್ಲಿನ ಸಣ್ಣ ಚೂರುಗಳು. ಹುಳಿನೀರು ಪೆಟ್ಟಿಗೆಯ ತಳದಲ್ಲಿ ಒಳಹೊಕ್ಕು, ಚೂರುಗಳ ನಡುವೆ ನಿಧಾನವಾಗಿ ಮೇಲೇರಿ, ಇನ್ನೊಂದು ಕಡೆಯಿಂದ ಹೊರಬೀಳುತ್ತದೆ. ಒಳಗೆ ಬರುವಾಗ ನಾಲ್ಕಾಗಿದ್ದ ಪಿಎಚ್ ಹೊರಗೆ ಹೋಗುವಾಗ ಏಳರ ಸಮೀಪಕ್ಕೆ ಬಂದಿರುತ್ತದೆ. ಹುಳಿಯು ಕಲ್ಲನ್ನು ಸ್ವಲ್ಪ ಕರಗಿಸುತ್ತದೆ, ಕರಗುವಾಗ ತಾನು ಮುರಿಯುತ್ತದೆ, ಸಣ್ಣ ಗುಳ್ಳೆಗಳಾಗಿ ಇಂಗಾಲಾಮ್ಲ ವಾಯು ಏಳುತ್ತದೆ.

ಸುಟ್ಟ ಸುಣ್ಣ ಇದಕ್ಕಿಂತ ಬಲವಾದುದಲ್ಲವೆ, ಅದನ್ನೇ ಹಾಕಬಾರದೇಕೆ ಎಂದು ನಮ್ಮ ತರಗತಿಯಲ್ಲಿ ಒಬ್ಬ ಹುಡುಗ ಕೇಳಿದ್ದನು. ಒಳ್ಳೆಯ ಪ್ರಶ್ನೆ. ಸುಣ್ಣವನ್ನು ಸ್ವಲ್ಪ ಹೆಚ್ಚು ಹಾಕಿದರೆ ನೀರು ಹುಳಿಯಿಂದ ಕ್ಷಾರಕ್ಕೆ ಹಾರಿಬಿಡುತ್ತದೆ. ತಾಂಬೂಲಕ್ಕೆ ಸುಣ್ಣ ಹೆಚ್ಚಾದರೆ ಬಾಯಿ ಸುಡುವುದನ್ನು ಹಿರಿಯರಿಂದ ಕೇಳಿದ್ದೀರಿ. ಕಣ್ಣಿಗೆ ಸಿಡಿದರಂತೂ ಮಹಾ ಅಪಾಯ. ಸುಣ್ಣಕಲ್ಲು ಹಾಗಲ್ಲ. ಹುಳಿ ಇರುವಷ್ಟು ಹೊತ್ತು ಅದು ಕರಗುತ್ತದೆ. ಹುಳಿ ತೀರಿದೊಡನೆ ಹೆಚ್ಚುಕಡಮೆ ಸುಮ್ಮನಾಗುತ್ತದೆ. ಒಂದು ಪೆಟ್ಟಿಗೆ ಹೆಚ್ಚು ತುಂಬಿದರೂ ನೀರು ಕೆಡುವುದಿಲ್ಲ. ಯಾರೂ ಕಾವಲಿಲ್ಲದ ಕಡೆ ಇರಿಸಲು ಇಂಥ ವಸ್ತುವೇ ತಕ್ಕುದು. ಕೆಲವು ಕಡೆ ಮೆಗ್ನೀಸಿಯಮ್ ಆಕ್ಸೈಡನ್ನೂ ಬೆರಸುತ್ತಾರೆ. ಅದು ಚುರುಕಾದುದು, ಆದುದರಿಂದ ಅಳತೆ ಮೀರದಂತೆ ಎಚ್ಚರ ಬೇಕು.

ಲೆಕ್ಕದಲ್ಲಿ ರುಚಿಯುಳ್ಳವರಿಗಾಗಿ ಒಂದು ಮಾತು. ಪಿಎಚ್ ಮೂರು ಇರುವ ಒಂದು ಲೀಟರು ನೀರಿನ ಹುಳಿಯನ್ನು ಮುರಿಯಲು ಬೇಕಾದ ಸುಣ್ಣಕಲ್ಲು ಸುಮಾರು ೫೦ ಮಿಲಿಗ್ರಾಂ ಮಾತ್ರ. ಎಂದರೆ ಒಂದು ಕಿಲೋಗ್ರಾಂ ಕಲ್ಲು ೨೦,೦೦೦ ಲೀಟರಿಗೆ ಸಾಕು. ಕಾಗದದ ಮೇಲೆ ಲೆಕ್ಕ ಸರಿ. ಪೆಟ್ಟಿಗೆಯಲ್ಲಿ ಅಷ್ಟು ಸರಿಯಿರುವುದಿಲ್ಲ. ನೀರಿನಲ್ಲಿ ಕರಗಿದ ಇಂಗಾಲಾಮ್ಲ ವಾಯುವೂ ಕಲ್ಲನ್ನು ತಿನ್ನುತ್ತದೆ. ಬಾಯ್ಲರಿನಿಂದ ಬಂದ ತುಕ್ಕು, ಕೆಸರು, ಪಾಚಿಗಳು ಚೂರುಗಳ ಮೇಲೆ ಪದರವಾಗಿ ಕೂರುತ್ತವೆ. ಪದರ ಕೂತ ಕಲ್ಲು ಪೆಟ್ಟಿಗೆಯ ತುಂಬ ಇದ್ದರೂ ಇಲ್ಲದಂತೆಯೇ. ಆದುದರಿಂದ ವರ್ಷಕ್ಕೊಮ್ಮೆಯಾದರೂ ಪೆಟ್ಟಿಗೆಯನ್ನು ತೆರೆದು, ಚೂರುಗಳನ್ನು ತೊಳೆದು, ಕರಗಿದಷ್ಟನ್ನು ಹೊಸದಾಗಿ ತುಂಬಬೇಕು; ಹೊರಬೀಳುವ ನೀರಿಗೆ ಲಿಟ್ಮಸ್ ಕಾಗದವನ್ನು ಅದ್ದಿ ನೋಡಬೇಕು. ಕಣ್ಣಿಗೆ ಕಲ್ಲು ಕಾಣುತ್ತದೆಂದು ನಂಬಿ ಕೂತರೆ ಮೋರಿ ಸವೆದಾಗ ಗೊತ್ತಾಗುತ್ತದೆ.

ಇನ್ನೊಂದು ವಿಷಯವನ್ನು ಇಲ್ಲಿಯೇ ಹೇಳಿಬಿಡಬೇಕು. ಬಾಯ್ಲರಿಗೂ ಮೋರಿಗೂ ನಡುವೆ ಕೊಳವೆಯನ್ನು ಒಂದು ಕಡೆ ಬಾಗಿಸಿ, ಅಲ್ಲಿ ಯಾವಾಗಲೂ ನೀರು ನಿಂತಿರುವಂತೆ ಮಾಡಿರುತ್ತಾರೆ. ಕೈತೊಳೆಯುವ ಬೇಸಿನ್ನಿನ ಕೆಳಗೆ ನೀವು ಇಂಥ ಬಾಗನ್ನು ನೋಡಿದ್ದೀರಿ. ಬೇಸಿನ್ನಿನಲ್ಲಿ ಅದರ ಕೆಲಸ ಮೋರಿಯ ನಾತವನ್ನು ತಡೆಯುವುದು. ಬಾಯ್ಲರಿನಲ್ಲಿ ಅದರ ಕೆಲಸ ಇನ್ನೂ ದೊಡ್ಡದು: ಉರಿದ ಅನಿಲವು ನೀರಿನ ದಾರಿಯನ್ನು ಹಿಡಿದು ಮನೆಯೊಳಗೆ ಬರದಂತೆ ತಡೆಯುವುದು. ಹುಳಿ ಕೊಳವೆಯನ್ನು ಕೆಡಿಸುತ್ತದೆ. ಆ ಅನಿಲ ಮನುಷ್ಯರನ್ನು ಕೊಲ್ಲಬಲ್ಲುದು. ಅದರ ಸಂಗತಿಯನ್ನು ಮುಂದೆ ಹೇಳುವೆವು.

ಮುಂಬಯಿಯಲ್ಲಿ ಮನೆಯನ್ನು ಬೆಚ್ಚಗಿಡಬೇಕಾದ ಕಷ್ಟ ಯಾರಿಗೂ ಇಲ್ಲ. ಆದರೂ ಹುಳಿಯಾದ ಹೊಗೆಯನ್ನು ಸುಣ್ಣದ ಸತ್ವದಿಂದ ಮುರಿಯುವ ಕೆಲಸವು ಈ ಊರಿನಲ್ಲಿಯೂ ನಡೆದಿದೆ. ಅದೂ ಮನೆಯ ಪೆಟ್ಟಿಗೆಯಲ್ಲಲ್ಲ, ಸಮುದ್ರದ ನೀರಿನಲ್ಲಿ. ಚೆಂಬೂರಿನಿಂದ ಆಚೆ ಟ್ರಾಂಬೆಯ ಕಡಲ ದಂಡೆಯಲ್ಲಿ ಟಾಟಾ ಕಂಪನಿಯ ವಿದ್ಯುದಾಗಾರವಿದೆ. ಅಲ್ಲಿಯ ಎತ್ತರದ ಚಿಮಣಿಗಳನ್ನು ಆ ಕಡೆಯ ವಿದ್ಯಾರ್ಥಿಗಳು ದಿನವೂ ಕಾಣುತ್ತಾರೆ. ಕಲ್ಲಿದ್ದಲಿನಲ್ಲಿ ಗಂಧಕವಿರುತ್ತದೆ. ಅದು ಉರಿದಾಗ ಏಳುವ ಗಂಧಕದ ಡೈ ಆಕ್ಸೈಡ್ ಮೂಗು ಗಂಟಲುಗಳನ್ನು ಉರಿಸುವ ವಾಯು. ಮಳೆಯಲ್ಲಿ ಕರಗಿದರೆ ಆಮ್ಲದ ಮಳೆ. ೫೦೦ ಮೆಗಾವಾಟಿನ ಐದನೆಯ ಘಟಕಕ್ಕೆ ೧೯೮೦ರ ದಶಕದಲ್ಲಿ, ಈ ವಾಯುವನ್ನು ಕಡಲ ನೀರಿನಿಂದ ತೊಳೆಯುವ ವ್ಯವಸ್ಥೆಯನ್ನು ಕೂಡಿಸಲಾಯಿತು. ನಮ್ಮ ದೇಶಕ್ಕೆ ಆಗ ಅದು ಹೊಸತು.

ಕಡಲ ನೀರೇ ಏಕೆ? ಕಡಲ ನೀರು ಉಪ್ಪು ಮಾತ್ರವಲ್ಲ, ತುಸು ಕ್ಷಾರವೂ ಹೌದು. ಅದರ ಪಿಎಚ್ ಸುಮಾರು ೮.೧. ನದಿಗಳು ಬೆಟ್ಟಗಳ ಕಲ್ಲನ್ನು ತೊಳೆದು ತಂದ ಸುಣ್ಣದ ಸತ್ವವು ಬೈಕಾರ್ಬೊನೇಟಿನ ರೂಪದಲ್ಲಿ ಅದರಲ್ಲಿ ಕರಗಿದೆ. ಕಪ್ಪೆಚಿಪ್ಪಿನ ಹುಳು ತನ್ನ ಮನೆಯನ್ನು ಕಟ್ಟಿಕೊಳ್ಳುವುದೂ ಅದರಿಂದಲೇ. ಕರಾವಳಿಯಲ್ಲಿ ಆ ಚಿಪ್ಪನ್ನು ಸುಟ್ಟು ಸುಣ್ಣ ಮಾಡುವುದನ್ನು ಕೆಲವರಾದರೂ ಊರಿಗೆ ಹೋದಾಗ ಕಂಡಿರಬಹುದು. ವಿದ್ಯುದಾಗಾರದಲ್ಲಿ ಯಂತ್ರಗಳನ್ನು ತಣಿಸಲೆಂದು ಹೇಗೂ ಕಡಲ ನೀರನ್ನು ಒಳಗೆ ತರುತ್ತಾರೆ. ಆ ನೀರನ್ನೇ ಒಂದು ಗೋಪುರದೊಳಗೆ ಮೇಲಿನಿಂದ ಸುರಿಸಿ, ಹೊಗೆಯನ್ನು ಕೆಳಗಿನಿಂದ ಹಾಯಿಸಿದರೆ ಗಂಧಕದ ವಾಯು ನೀರಿನಲ್ಲಿ ಕರಗುತ್ತದೆ. ಹೀಗೆ ಹುಳಿಯಾದ ನೀರನ್ನು ಹಾಗೆಯೇ ಕಡಲಿಗೆ ಬಿಡುವುದಿಲ್ಲ. ದೊಡ್ಡ ಕೊಳದಲ್ಲಿ ಇನ್ನಷ್ಟು ಕಡಲ ನೀರನ್ನು ಬೆರಸಿ, ಗಾಳಿಯನ್ನು ಊದುತ್ತಾರೆ. ಆಗ ಹುಳಿ ಮುರಿಯುತ್ತದೆ, ಗಂಧಕವು ಸಲ್ಫೇಟಾಗುತ್ತದೆ. ಸಲ್ಫೇಟು ಕಡಲಿಗೆ ಹೊಸದಲ್ಲ. ಒಂದು ಲೀಟರು ಕಡಲ ನೀರಿನಲ್ಲಿ ಮೊದಲೇ ಸುಮಾರು ೨.೭ ಗ್ರಾಂ ಇರುತ್ತದೆ. ಚಿಕ್ಕು ತೋಟಗಳಿಗೆ ಹೆಸರಾದ ಡಹಾಣೂವಿನ ವಿದ್ಯುದಾಗಾರಕ್ಕೂ, ಬಹುಕಾಲದ ವಾದವಿವಾದಗಳ ಬಳಿಕ, ೨೦೦೭ರಲ್ಲಿ ಇಂಥದೇ ವ್ಯವಸ್ಥೆ ಬಂದಿತು. ಲಂಡನ್ನಿನ ಬ್ಯಾಟರ್‌ಸಿಯಲ್ಲಿ ೧೯೩೦ರ ದಶಕದಲ್ಲಿಯೇ ಥೇಮ್ಸ್ ನದಿಯ ನೀರಿನಿಂದ ಹೊಗೆಯನ್ನು ತೊಳೆಯುತ್ತಿದ್ದರು. ಆದರೆ ನದಿ ನದಿಯೇ. ಕಡಲಿನಷ್ಟು ಕ್ಷಾರವಾಗಲಿ ವಿಸ್ತಾರವಾಗಲಿ ಅದಕ್ಕಿಲ್ಲ.

ಕಡಲು ದೊಡ್ಡದೆಂದು ಏನು ಬೇಕಾದರೂ ಸುರಿಯಬಹುದೆಂಬುದನ್ನು ನಾವು ಒಪ್ಪುವುದಿಲ್ಲ. ಕೈಗಾರಿಕೆಯ ಯುಗ ತೊಡಗಿದಂದಿನಿಂದ ಗಾಳಿಗೆ ಸೇರಿದ ಇಂಗಾಲಾಮ್ಲ ವಾಯುವನ್ನು ಹೀರಿ ಹೀರಿ ಲೋಕದ ಕಡಲುಗಳ ಪಿಎಚ್ ಸುಮಾರು ೮.೨ರಿಂದ ೮.೧ಕ್ಕೆ ಇಳಿದಿದೆ. ಕೇವಲ ಹತ್ತನೆಯ ಒಂದಂಶ ಎಂದು ನಗಬೇಡಿರಿ. ಒಂದು ಅಂಕೆ ಎಂದರೆ ಹತ್ತು ಪಟ್ಟು ಎಂದು ಮೇಲೆ ಹೇಳಿದೆವಷ್ಟೆ. ಆ ಲೆಕ್ಕದಲ್ಲಿ ಹುಳಿಯ ಅಂಶ ನೂರಕ್ಕೆ ಇಪ್ಪತ್ತೈದರಷ್ಟು ಏರಿದಂತಾಯಿತು.

ಈಗ ನಮ್ಮ ಮನೆಗಳಿಗೆ ಬರೋಣ. ಮೊದಲು ಒಂದು ಸಂದೇಹವನ್ನು ನಿವಾರಿಸಬೇಕು. ಬೀದಿಯಲ್ಲಿ ನಡೆಯುವಾಗ ತಲೆಯ ಮೇಲೆ ತೊಟ್ಟಿಕ್ಕುವ ಏರ್‌ಕಂಡಿಷನರಿನ ನೀರೂ ಈ ಜಾತಿಯದೆ? ಅಲ್ಲ. ಅದು ಕೋಣೆಯ ಗಾಳಿಯಲ್ಲಿದ್ದ ತೇವ ತಣ್ಣಗಾಗಿ ಇಳಿದ ನೀರು. ಅಲ್ಲಿ ಉರಿಯಿಲ್ಲ, ಹುಳಿಯೂ ಇಲ್ಲವೆನ್ನುವಷ್ಟು ಕಡಮೆ. ಕುಡಿಯಲು ತಕ್ಕುದಲ್ಲ, ಅಷ್ಟೆ. ಉರಿಯ ನೀರನ್ನು ನೋಡಬೇಕಾದರೆ ಬಚ್ಚಲಿನ ಗ್ಯಾಸ್ ಗೀಸರನ್ನು ನೋಡಬೇಕು. ಮಹಾನಗರ್ ಗ್ಯಾಸ್ ಸಂಸ್ಥೆ ೧೯೯೫ರಲ್ಲಿ ಸ್ಥಾಪನೆಯಾದ ಮೇಲೆ ಊರಿನ ಅನೇಕ ಕಟ್ಟಡಗಳಿಗೆ ಕೊಳವೆಯ ಅನಿಲ ಬಂದಿದೆ. ಸಿಲಿಂಡರಿನಿಂದ ನಡೆಯುವ ಗೀಸರುಗಳೂ ಇವೆ. ಇವುಗಳಲ್ಲಿ ಉರಿದ ಅನಿಲ ಬಿಸಿಯಾಗಿಯೇ ಹೊರಹೋಗುವಂತೆ ಮಾಡಿರುವುದರಿಂದ ಸಾಮಾನ್ಯವಾಗಿ ನೀರು ಇಳಿಯುವುದಿಲ್ಲ. ಚಳಿಗಾಲದ ಮುಂಜಾನೆ ಹೊತ್ತಿಸಿದ ಮೊದಲ ನಿಮಿಷದಲ್ಲಿ ನಾಲ್ಕಾರು ಹನಿ ಬೀಳಬಹುದು. ಆದರೆ ದಿನವೂ ಬಹಳ ಹೊತ್ತು ತೊಟ್ಟಿಕ್ಕುತ್ತಿದ್ದರೆ, ಒಳಗಿನ ತಾಮ್ರದ ಮೇಲೆ ಹಸಿರು ಕಲೆ, ಹೊಗೆಕೊಳವೆಯ ಮೇಲೆ ತುಕ್ಕು ಅಥವಾ ಮಸಿ ಕಂಡರೆ, ಉರಿ ನೀಲಿಯಾಗಿರದೆ ಹಳದಿಯಾಗಿದ್ದರೆ, ಗೀಸರನ್ನು ಆರಿಸಿ ತಜ್ಞ ಮೆಕ್ಯಾನಿಕನನ್ನು ಕರೆಯಿಸಬೇಕೆಂದು ಮನೆಯ ಹಿರಿಯರಿಗೆ ತಿಳಿಸಿರಿ. ನೀವೇ ಬಿಚ್ಚಲು ಹೋಗಬೇಡಿರಿ.

ಇದೇಕೆ ಇಷ್ಟು ಒತ್ತಿ ಹೇಳುತ್ತೇವೆಂದರೆ, ಮುಂಬಯಿಯ ಬಚ್ಚಲುಮನೆಗಳು ಚಿಕ್ಕವು. ನಾಲ್ಕು ಅಡಿ ಅಗಲ, ಐದು ಅಡಿ ಉದ್ದ, ಏಳೂವರೆ ಅಡಿ ಎತ್ತರದ ಬಚ್ಚಲಿನಲ್ಲಿ ೧೫೦ ಘನ ಅಡಿ ಗಾಳಿ ಹಿಡಿಯುತ್ತದೆ. ಸಣ್ಣದೊಂದು ಗ್ಯಾಸ್ ಗೀಸರು ಹತ್ತು ನಿಮಿಷಕ್ಕೆ ಸುಮಾರು ೭ ಘನ ಅಡಿ ನೈಸರ್ಗಿಕ ಅನಿಲವನ್ನು ಉರಿಸುತ್ತದೆ. ಅದು ಚೆನ್ನಾಗಿ ಉರಿಯಲು ಅದರ ಹತ್ತು ಪಟ್ಟು, ೭೦ ಘನ ಅಡಿ, ಗಾಳಿ ಬೇಕು. ಬಾಗಿಲು ಕಿಟಕಿಗಳನ್ನು ಮುಚ್ಚಿ ಹತ್ತು ನಿಮಿಷ ಸ್ನಾನ ಮಾಡಿದರೆ ಒಳಗಿನ ಗಾಳಿಯಲ್ಲಿ ಹತ್ತಿರ ಹತ್ತಿರ ಅರ್ಧ ಪಾಲು ಗೀಸರಿಗೆ ಬೇಕಾಗುತ್ತದೆ. ಗಾಳಿ ಸಾಲದಾದಾಗ ಇಂಗಾಲ ಅರೆಯಾಗಿ ಉರಿದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷವಾಯು ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಕೆಂಪು ದ್ರವ್ಯಕ್ಕೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ಓಕರಿಕೆ. ಬಳಿಕ ಕಾಲು ಸೋತು ಪ್ರಜ್ಞೆ ತಪ್ಪುತ್ತದೆ. ಚಿಲಕ ತೆಗೆಯಲೂ ಆಗದೆ ಸತ್ತವರ ಸುದ್ದಿಗಳು ಈ ನಗರದ ಪತ್ರಿಕೆಗಳಲ್ಲಿಯೂ ಬಂದಿವೆ, ಮಕ್ಕಳೂ ಅವರಲ್ಲಿದ್ದರು.

ಸುಣ್ಣಕಲ್ಲು ಹುಳಿನೀರನ್ನು ಪಳಗಿಸುತ್ತದೆಯೇ ಹೊರತು ಈ ವಾಯುವನ್ನಲ್ಲ. ಇದು ನೀರಿನಲ್ಲಿ ಕರಗುವುದೂ ಇಲ್ಲವೆನ್ನುವಷ್ಟು ಕಡಮೆ. ಇದಕ್ಕೆ ಉಪಾಯ ಹೊರದಾರಿಯೊಂದೇ. ಗೀಸರು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇರಬೇಕು. ಅದರ ಹೊಗೆಕೊಳವೆ ಕಟ್ಟಡದ ಹೊರಕ್ಕೆ ತೆರೆದಿರಬೇಕು, ಪಾರಿವಾಳ ಗೂಡು ಕಟ್ಟಿ ಮುಚ್ಚಿರಬಾರದು. ಈಗಾಗಲೇ ಒಳಗಿದ್ದರೆ, ಬಾಗಿಲು ತೆರೆದಿರುವಾಗಲೇ ಬಕೆಟ್ಟುಗಳನ್ನು ತುಂಬಿಕೊಂಡು, ಗೀಸರನ್ನು ಆರಿಸಿ, ಆಮೇಲೆ ಸ್ನಾನಕ್ಕೆ ಹೋಗಬೇಕು. ಸ್ನಾನಕ್ಕೆ ಹೋದ ತಮ್ಮನೋ ತಂಗಿಯೋ ಕೂಗಿದರೆ ಓಗೊಡದಿದ್ದರೆ, ಹಿರಿಯರನ್ನು ಕರೆದು, ಬಾಗಿಲು ತೆರೆಯಿಸಿ, ಅನಿಲವನ್ನು ನಿಲ್ಲಿಸಿ, ಅವರನ್ನು ಬಯಲ ಗಾಳಿಗೆ ತಂದು, ೧೦೮ಕ್ಕೆ ಫೋನು ಮಾಡಬೇಕು.

ಇನ್ನು ಹುಳಿ ಮುರಿಯುವುದನ್ನು ಕೈಯಾರೆ ಮಾಡಿ ನೋಡುವ ಬಗೆ. ಪರೀಕ್ಷೆಯ ಕಾಗದವನ್ನು ಕೊಂಡು ತರಬೇಕಾಗಿಲ್ಲ. ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಿನಲ್ಲಿ ಕಿವುಚಿ, ಆ ರಸದಲ್ಲಿ ಬಿಳಿಯ ಕಾಗದದ ಪಟ್ಟಿಗಳನ್ನು ನೆನಸಿ ಒಣಗಿಸಿರಿ. ಹುಳಿಗೆ ಅದು ಗುಲಾಬಿಯಾಗುತ್ತದೆ, ಕ್ಷಾರಕ್ಕೆ ಹಸಿರಾಗುತ್ತದೆ. ಅರಿಶಿನವು ಹುಳಿಯನ್ನು ತೋರಿಸದು. ಕ್ಷಾರಕ್ಕೆ ಮಾತ್ರ ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿಯ ಓಕುಳಿಯನ್ನು ಮಾಡುವುದು ಇದರಿಂದಲೇ. ಒಂದು ಲೀಟರು ನೀರಿಗೆ ಒಂದು ಸಣ್ಣ ಚಮಚ ವಿನೆಗರ್ ಹಾಕಿದರೆ ಬಾಯ್ಲರಿನ ನೀರಿನಷ್ಟೇ ಹುಳಿಯಾಗುತ್ತದೆ. ಪ್ಲಾಸ್ಟಿಕ್ಕಿನ ಬಾಟಲಿಯ ತಳವನ್ನು ಕತ್ತರಿಸಿ, ತಲೆಕೆಳಗು ಮಾಡಿ, ಬಾಯಿಗೆ ಬಟ್ಟೆಯ ಚೂರನ್ನು ಕಟ್ಟಿ, ಒಳಗೆ ಅಮೃತಶಿಲೆಯ ಸಣ್ಣ ಚೂರುಗಳನ್ನು ತುಂಬಿರಿ. ನೆಲಹಾಸು ಕೆಲಸ ನಡೆಯುವ ಕಡೆ ಅವು ಬಿದ್ದಿರುತ್ತವೆ. ನಮ್ಮ ಶಾಲೆಯ ಮೆಟ್ಟಿಲಿಗೆ ಹಾಸಿರುವ ಕೋಟಾ ಕಲ್ಲೂ ಒಂದು ಬಗೆಯ ಸುಣ್ಣಕಲ್ಲೇ. ಅದರ ಚೂರೂ ಆದೀತು. ಗ್ರಾನೈಟ್ ಆಗದು. ಏನೂ ಸಿಗದಿದ್ದರೆ ಒಳಪೊರೆ ತೆಗೆದ ಮೊಟ್ಟೆಯ ಚಿಪ್ಪು, ಇಲ್ಲವೆ ಜುಹೂ ಕಡಲ ದಂಡೆಯ ಕಪ್ಪೆಚಿಪ್ಪು. ಹುಳಿನೀರನ್ನು ಒಮ್ಮೆ ದಡದಡನೆ ಸುರಿಯಿರಿ, ಒಮ್ಮೆ ಹನಿಹನಿಯಾಗಿ ಬಿಡಿರಿ. ಎರಡೂ ಸಲ ಕೆಳಗೆ ಬಿದ್ದ ನೀರಿಗೆ ದಾಸವಾಳದ ಕಾಗದವನ್ನು ಅದ್ದಿರಿ. ಕಲ್ಲು ಒಂದೇ, ನೀರು ಒಂದೇ, ಬಣ್ಣ ಬೇರೆ. ಕಲ್ಲಿಗೆ ಹೊತ್ತು ಬೇಕು.

ಬಚ್ಚಲು ತೊಳೆಯಲು ತರುವ ಆಸಿಡ್ಡಿನ ಬಾಟಲಿಯನ್ನು ಮಾತ್ರ ಈ ಪ್ರಯೋಗಕ್ಕೆ ಮುಟ್ಟಬಾರದು. ಅದು ಹೈಡ್ರೋಕ್ಲೋರಿಕ್ ಆಮ್ಲ. ವಿನೆಗರಿಗಿಂತ ಬಹಳ ಬಲವಾದುದು. ಅದನ್ನು ಬ್ಲೀಚಿಂಗ್ ಪೌಡರಿನೊಡನೆ ಎಂದಿಗೂ ಸೇರಿಸಬಾರದು. ಎರಡೂ ಸೇರಿದರೆ ಕ್ಲೋರಿನ್ ಏಳುತ್ತದೆ. ೧೯೧೫ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ಎಂಬಲ್ಲಿ ಸೈನಿಕರನ್ನು ಕೊಲ್ಲಲು ಬಿಟ್ಟ ವಾಯು ಅದೇ. ಹೆಚ್ಚು ಸ್ವಚ್ಛವಾಗಲೆಂದು ಎರಡನ್ನೂ ಒಂದರ ಮೇಲೊಂದು ಸುರಿಯುವ ಅಭ್ಯಾಸ ಕೆಲವರಲ್ಲಿದೆ. ಆಸಿಡ್ ಮೈಮೇಲೆ ಬಿದ್ದರೆ ಸುಣ್ಣವನ್ನಾಗಲಿ ಸೋಡಾ ಪುಡಿಯನ್ನಾಗಲಿ ಹಚ್ಚಬಾರದು. ಅವೆರಡೂ ಕೂಡುವಾಗ ಏಳುವ ಶಾಖವೇ ಚರ್ಮವನ್ನು ಸುಡುತ್ತದೆ. ನಲ್ಲಿಯ ಕೆಳಗೆ ಹಿಡಿದು ಇಪ್ಪತ್ತು ನಿಮಿಷ ನೀರು ಬಿಡುತ್ತಿರಬೇಕು, ಆಮೇಲೆ ವೈದ್ಯರ ಬಳಿಗೆ ಹೋಗಬೇಕು.

ಪ್ರಯೋಗ ಮಾಡಿದವರು ಚೂರುಗಳನ್ನು ಮೊದಲೊಮ್ಮೆ ತೂಗಿ, ಹತ್ತು ಲೀಟರು ಹುಳಿನೀರು ಹರಿದ ಮೇಲೆ ತೊಳೆದು ಒಣಗಿಸಿ ಮತ್ತೊಮ್ಮೆ ತೂಗಿರಿ. ಎಷ್ಟು ಕರಗಿದೆ ಎಂಬುದು ತಿಳಿಯುತ್ತದೆ. ವ್ಯತ್ಯಾಸ ಒಂದೆರಡು ಗ್ರಾಂ ಮಾತ್ರ. ಕಿರಾಣಿ ಅಂಗಡಿಯ ತಕ್ಕಡಿಗೆ ಅದು ತಿಳಿಯಲಾರದು. ನಮ್ಮ ಪ್ರಯೋಗಶಾಲೆಯ ಕಪಾಟಿನಲ್ಲಿ ಸೂಕ್ಷ್ಮವಾದ ತಕ್ಕಡಿಯೊಂದಿದೆ. ಬೀಗದ ಕೈ ನಮ್ಮಲ್ಲಿರುತ್ತದೆ. ಶನಿವಾರ ಶಾಲೆ ಬಿಟ್ಟ ಮೇಲೆ ಬಂದು ಕೇಳಿರಿ.